ಇಪ್ಪತ್ತನೇ ವಯಸ್ಸಿನಲ್ಲಿ ತಿಳಿದ ಆಟಿಸಂ: ಒಂದು ಪ್ರಕರಣ ಅಧ್ಯಯನ

ಮಕ್ಕಳಿಗೆ ಹಣೆಪಟ್ಟಿ ಹಚ್ಚಬಾರದು ಎಂಬ ಮಾತನ್ನು ಶಿಕ್ಷಕರೂ ಮನೆಯ ಹಿರಿಯರೂ ಎಷ್ಟೋ ವೈದ್ಯರೂ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ವೈದ್ಯರು ಹೆಸರಿಡದಿದ್ದರೆ ಆ ವ್ಯಕ್ತಿಗೆ ಯಾವ ಹಣೆಪಟ್ಟಿಯೂ ಅಂಟುವುದಿಲ್ಲ ಎಂಬ ನಂಬಿಕೆ ಆ ಮಾತಿನ ಹಿಂದಿದೆ. ಇಲ್ಲಿ ವಿವರಿಸುವ ಯುವತಿಗೆ ಇಪ್ಪತ್ತು ವರ್ಷ ತುಂಬುವ ತನಕ ಆಟಿಸಂ (ಒಡನಾಟ, ಮಾತುಕತೆ, ಇಂದ್ರಿಯಗಳ ಅನುಭವ ಬೇರೆ ರೀತಿ ಇರುವ, ಹುಟ್ಟಿನಿಂದ ಬಂದ ಮಿದುಳಿನ ಬೆಳವಣಿಗೆಯ ರೀತಿ) ಎಂದು ಯಾರೂ ಹೇಳಿರಲಿಲ್ಲ. ಆದರೆ ಅಷ್ಟರಲ್ಲಿ ಬೇರೆ ಐದು ಹೆಸರುಗಳು ಅವಳಿಗೆ ಅಂಟಿದ್ದವು, ಮತ್ತು ಪ್ರತಿಯೊಂದು ಹೆಸರಿನ ಪ್ರಕಾರವೇ ಸುತ್ತಲಿನವರು ಅವಳೊಂದಿಗೆ ನಡೆದುಕೊಂಡಿದ್ದರು. ಸರಿಯಾದ ಹೆಸರು ತಡವಾಗಿ ಸಿಕ್ಕಾಗ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂಬುದನ್ನು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೂ ಕುಟುಂಬಗಳಿಗೂ ಉಪಯೋಗವಾಗಲಿ ಎಂದು ದಾಖಲಿಸುತ್ತಿದ್ದೇನೆ.

ಆಕೆಯನ್ನು ಇಲ್ಲಿ ಮೇದಿನಿ ಎಂದು ಕರೆದಿದ್ದೇನೆ. ಊರು, ಕಾಲೇಜು ಮತ್ತು ಕುಟುಂಬದ ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ತೀರ್ಮಾನಗಳು ನಡೆದ ಕ್ರಮವನ್ನು ಮಾತ್ರ ಬದಲಿಸಿಲ್ಲ. ಬರಹವನ್ನು ಆಕೆ ಓದಿ, ಕೆಲವೆಡೆ ತಿದ್ದಿ, ಒಪ್ಪಿಗೆ ಕೊಟ್ಟಿದ್ದಾಳೆ.

ಹಿನ್ನೆಲೆ

ಮೇದಿನಿ ಮಲೆನಾಡಿನ ಅಡಿಕೆ ಬೆಳೆಗಾರರ ಮನೆಯ ಹಿರಿಯ ಮಗಳು. ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿ ಮತ್ತು ಪಿಯುಸಿ ಓದುತ್ತಿರುವ ತಮ್ಮ ಇದ್ದಾರೆ. ನಾನು ಕೆಲಸ ಮಾಡುವ ಚಿಕಿತ್ಸಾ ಕೇಂದ್ರಕ್ಕೆ ಬಂದಾಗ ಆಕೆ ಜಿಲ್ಲಾ ಕೇಂದ್ರದ ಕಾಲೇಜೊಂದರಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಳು. ಮಗುವಾಗಿದ್ದಾಗ ಮಾತು ತಡವಾಗಿರಲಿಲ್ಲ. ನಾಲ್ಕು ವರ್ಷಕ್ಕೆಲ್ಲ ಗೋಡೆಯ ಕ್ಯಾಲೆಂಡರ್ ನೋಡಿ ಅಕ್ಷರಗಳನ್ನು ಗುರುತಿಸುತ್ತಿದ್ದಳು, ಯಾವ ತಿಂಗಳ ಏಕಾದಶಿ ಯಾವ ವಾರ ಬರುತ್ತದೆ ಎಂದು ಕೇಳಿದರೆ ಥಟ್ಟನೆ ಹೇಳುತ್ತಿದ್ದಳು. ಆಟಿಸಂ ಎಂದರೆ ಮಾತು ಬಾರದ ಮಕ್ಕಳ ತೊಂದರೆ ಎಂಬ ತಿಳಿವಳಿಕೆಯೇ ಇರುವ ಕಡೆ ಇಂಥ ಮಗುವಿನ ಬಗ್ಗೆ ಯಾರಿಗೂ ಅನುಮಾನ ಬರಲು ಕಾರಣವೇ ಇರಲಿಲ್ಲ.

ತೊಂದರೆ ಇದ್ದದ್ದು ಬೇರೆ ಕಡೆ. ಮದುವೆಮನೆಯಲ್ಲಿ ವಾದ್ಯದವರು ಶುರುಮಾಡಿದ ಕೂಡಲೇ ಆಕೆ ಕಾಣೆಯಾಗುತ್ತಿದ್ದಳು. ಹುಡುಕಿದರೆ ಕೊಟ್ಟಿಗೆಯಲ್ಲಿ ದನಗಳ ಪಕ್ಕ ಕಿವಿ ಮುಚ್ಚಿಕೊಂಡು ಕುಳಿತಿರುತ್ತಿದ್ದಳು. ಗಂಜಿ ಹಾಕಿದ ಸಮವಸ್ತ್ರದ ಕಾಲರ್ ಕುತ್ತಿಗೆಗೆ ತಾಗಿದರೆ ಶಾಲೆ ಮುಗಿಯುವವರೆಗೆ ಬೇರೇನನ್ನೂ ಯೋಚಿಸಲಾಗುತ್ತಿರಲಿಲ್ಲ ಎಂದು ಈಗ ಹೇಳುತ್ತಾಳೆ. ಸಾರು ಮೊಸರನ್ನಕ್ಕೆ ತಾಗಿದರೆ ಊಟವನ್ನೇ ಬಿಡುತ್ತಿದ್ದಳು. ಹೆಚ್ಚು ಕಷ್ಟವಾಗಿದ್ದು ಮಾತಿನ ಬಳಕೆ. ದಾರಿಯಲ್ಲಿ ಸಿಕ್ಕವರು "ಊಟ ಆಯ್ತಾ?" ಎಂದರೆ ನಿಂತು, ಬೆಳಗಿನಿಂದ ಏನೇನು ತಿಂದೆ ಎಂಬುದನ್ನು ವಿವರವಾಗಿ ಹೇಳುತ್ತಿದ್ದಳು, ಅವರು ನಕ್ಕು ಮುಂದೆ ಹೋದಾಗ ಏಕೆ ನಕ್ಕರು ಎಂದು ತಿಳಿಯುತ್ತಿರಲಿಲ್ಲ. ಹನ್ನೊಂದನೇ ವಯಸ್ಸಿನಿಂದ ಆಕೆ ಒಂದು ನೋಟ್‌ಪುಸ್ತಕ ಇಟ್ಟುಕೊಂಡಿದ್ದಳು. ಅದನ್ನು ನಮಗೆ ತೋರಿಸಿದಳು. ದುಂಡನೆಯ ಅಕ್ಷರದಲ್ಲಿ, ಅಂಕಿ ಹಾಕಿ ಬರೆದ ನಿಯಮಗಳು: "ಊಟ ಆಯ್ತಾ ಎಂದು ಕೇಳಿದರೆ 'ಆಯ್ತು, ನಿಮ್ದು?' ಎನ್ನಬೇಕು. ಏನು ಊಟ ಎಂದು ಹೇಳಬಾರದು." "ಯಾರಾದರೂ ಹೊಸ ಸೀರೆ ತೋರಿಸಿದರೆ ಬಣ್ಣದ ಬಗ್ಗೆ ಒಂದು ಮಾತು ಹೇಳಬೇಕು. ಬೆಲೆ ಕೇಳಬಾರದು." "ಸಾವಿನ ಮನೆಯಲ್ಲಿ ಕಾರಣ ಕೇಳಬಾರದು." ಪುಟಗಟ್ಟಲೆ ಹೀಗೆ. ಹೈಸ್ಕೂಲಿನಲ್ಲಿ ಎಲ್ಲರಿಗೂ ಬೇಕಾದವಳಾಗಿದ್ದ ಸಹಪಾಠಿಯೊಬ್ಬಳ ಮಾತಿನ ಧಾಟಿ, ತಲೆ ಓರೆ ಮಾಡುವ ರೀತಿ, ನಗುವ ರೀತಿ ಎಲ್ಲವನ್ನೂ ನೋಡಿ ನೋಡಿ ಕಲಿತು, ಕನ್ನಡಿಯ ಮುಂದೆ ಅಭ್ಯಾಸ ಮಾಡಿ, ತನ್ನದಾಗಿಸಿಕೊಂಡಿದ್ದಳು. ನಮ್ಮ ಮೊದಲ ಭೇಟಿಯಲ್ಲಿ ನಾವು ಕಂಡ ಹಸನ್ಮುಖಿ ಯುವತಿ ಬಹುಮಟ್ಟಿಗೆ ಆ ಸಹಪಾಠಿಯ ನಕಲು ಎಂಬುದು ತಿಂಗಳುಗಳ ನಂತರ ಆಕೆಯೇ ಹೇಳಿದಾಗ ಗೊತ್ತಾಯಿತು.

ಈಗ ಆ ಐದು ಹೆಸರುಗಳು. ಪ್ರಾಥಮಿಕ ಶಾಲೆಯ ಶಿಕ್ಷಕರ ಪ್ರಕಾರ ಆಕೆ ಜಂಬದ ಹುಡುಗಿ. ಕೇಳಿದ್ದಕ್ಕೆ ಮುಖ ನೋಡಿ ಉತ್ತರಿಸುವುದಿಲ್ಲ, ಶಿಕ್ಷಕರ ತಪ್ಪನ್ನು ಎಲ್ಲರೆದುರು ತಿದ್ದುತ್ತಾಳೆ. ಹದಿಮೂರರ ಹೊತ್ತಿಗೆ ಅಳು, ತಲೆ ಚಚ್ಚಿಕೊಳ್ಳುವುದು ಆರಂಭವಾದಾಗ ನೆಂಟರು ಗಾಳಿ ಸೋಕಿದೆ ಎಂದರು, ತಾಯಿತ ಕಟ್ಟಿಸಿದ್ದಾಯಿತು. ಪಿಯುಸಿಗೆ ಹಾಸ್ಟೆಲ್ ಸೇರಿ, ಊಟದ ಹಾಲಿನ ಸ್ಟೀಲ್ ತಟ್ಟೆಗಳ ಸದ್ದು ತಾಳಲಾರದೆ ಊಟ ಬಿಟ್ಟು, ಒಂದು ದಿನ ಬಿದ್ದಾಗ ನೋಡಿದ ವೈದ್ಯರು ಹಿಸ್ಟೀರಿಯಾ ಎಂದು ಚೀಟಿಯಲ್ಲಿ ಬರೆದರು. ಅನಂತರ ಖಿನ್ನತೆ ಮತ್ತು ಆತಂಕ ಎಂದು ಔಷಧ ಶುರುವಾಯಿತು. ಪದವಿಯ ಮೊದಲ ವರ್ಷದಲ್ಲಿ, ಬದುಕು ಬೇಡ ಎನ್ನುವ ಮಾತು ಆಡಿದಾಗ, ಬಾರ್ಡರ್‌ಲೈನ್ ವ್ಯಕ್ತಿತ್ವದ ತೊಂದರೆ (ಭಾವನೆಗಳೂ ಸಂಬಂಧಗಳೂ ತೀವ್ರವಾಗಿ ಏರಿಳಿಯುವ ಸ್ಥಿತಿ) ಎಂಬ ಐದನೇ ಹೆಸರು ಕಡತಕ್ಕೆ ಸೇರಿತು. ಆ ಕೊನೆಯ ಹೆಸರನ್ನು ಓದಿದವರೆಲ್ಲ ಅವಳ ನೋವನ್ನು ಗಮನ ಸೆಳೆಯುವ ತಂತ್ರವೆಂದು ಕಾಣತೊಡಗಿದರು. ಆಟಿಸಂ ಗುರುತಿಸಲ್ಪಡದ ಯುವತಿಯರ ಕಡತಗಳಲ್ಲಿ ಈ ಹೆಸರು ಮತ್ತೆ ಮತ್ತೆ ಕಾಣುವುದು ಆಕಸ್ಮಿಕವಲ್ಲ. ಸದ್ದು, ದಣಿವು, ಅನಿರೀಕ್ಷಿತ ಬದಲಾವಣೆ ಒಟ್ಟಾಗಿ ಕಟ್ಟೆಯೊಡೆದಾಗ ಹೊರಗಿನಿಂದ ಕಾಣುವುದು ಭಾವನೆಯ ಸ್ಫೋಟ ಮಾತ್ರ.

ಬಂದ ಸಮಸ್ಯೆ

ಅಮ್ಮ ಮಗಳನ್ನು ಕರೆತಂದದ್ದು ಕಾಲೇಜು ಬಿಡುತ್ತೇನೆ ಎಂದು ಹಟ ಹಿಡಿದಿದ್ದಾಳೆ ಎಂಬ ಕಾರಣಕ್ಕೆ. ಲಿಖಿತ ಪರೀಕ್ಷೆಗಳಲ್ಲಿ ತರಗತಿಗೇ ಮೊದಲಿಗಳಾಗಿದ್ದ ಆಕೆ ಪ್ರಾಯೋಗಿಕ ಪರೀಕ್ಷೆಯ ಮೌಖಿಕದಲ್ಲಿ ಬಾಯಿ ಬಿಡಲಾಗದೆ ಅನುತ್ತೀರ್ಣಳಾಗಿದ್ದಳು. ಉತ್ತರ ಗೊತ್ತಿರಲಿಲ್ಲ ಎಂದಲ್ಲ. ಹೊರಗಿನ ಪರೀಕ್ಷಕರು ಒಂದು ಪ್ರಶ್ನೆಯ ನಡುವೆ ಇನ್ನೊಂದನ್ನು ಕೇಳುತ್ತಿದ್ದರು, ತಲೆಯ ಮೇಲಿನ ಫ್ಯಾನು ಕಿರುಗುಟ್ಟುತ್ತಿತ್ತು, ಪಕ್ಕದ ಮೇಜಿನಲ್ಲಿ ಮತ್ತೊಬ್ಬರ ಮೌಖಿಕ ನಡೆಯುತ್ತಿತ್ತು. ಔಷಧಗಳಿಂದ ನಿದ್ದೆ ಹೆಚ್ಚಾಗಿತ್ತು, ತೂಕ ಏರಿತ್ತು. ಮೂಲ ತೊಂದರೆ ಇದ್ದಲ್ಲೇ ಇತ್ತು.

ತಪಾಸಣೆ

ನಾನು ಚಿಕಿತ್ಸಕ ಮನೋವಿಜ್ಞಾನದ ಹಿನ್ನೆಲೆಯವಳು. ಔಷಧದ ನಿರ್ಧಾರಗಳನ್ನು ನಮ್ಮೊಂದಿಗೆ ಕೆಲಸ ಮಾಡುವ ಮನೋವೈದ್ಯರು ನೋಡಿಕೊಂಡರು. ನಮ್ಮ ಮುಂದಿದ್ದ ಮೊದಲ ಪ್ರಶ್ನೆ ಇದು ಸಾಮಾಜಿಕ ಆತಂಕವೋ ಆಟಿಸಮೋ ಎಂಬುದು. ಹೊರನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ. ಸಾಮಾಜಿಕ ಆತಂಕ ಇರುವವರು ಎದುರಿನವರು ತಮ್ಮ ಬಗ್ಗೆ ಏನು ತಿಳಿಯುತ್ತಾರೋ ಎಂದು ಹೆದರುತ್ತಾರೆ. ಆಪ್ತರ ನಡುವೆ ಸಾಮಾನ್ಯವಾಗಿ ಹಗುರಾಗುತ್ತಾರೆ. ಮೇದಿನಿ ತಮ್ಮನ ಜೊತೆಗೂ ಅದೇ ರೀತಿ ಮಾತನಾಡುತ್ತಿದ್ದಳು, ಅದೇ ರೀತಿ ತಪ್ಪು ತಿಳಿಯುತ್ತಿದ್ದಳು. ಆತಂಕ ಇತ್ತು, ನಿಜ. ಆದರೆ ಅದು ಎಷ್ಟೋ ವರ್ಷ ತಪ್ಪು ತಿಳಿದು ಪೆಟ್ಟು ತಿಂದ ಮೇಲೆ ಬಂದದ್ದು.

ಅಮೆರಿಕದ ಮನೋವೈದ್ಯರ ಸಂಘ ಮಾನಸಿಕ ತೊಂದರೆಗಳನ್ನು ಗುರುತಿಸಲೆಂದು 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿ ಇಲ್ಲಿ ಎರಡು ರೀತಿಯಲ್ಲಿ ನೆರವಾಯಿತು. ಸದ್ದು, ಸ್ಪರ್ಶ, ರುಚಿಗಳಿಗೆ ಅತಿಯಾಗಿ ಅಥವಾ ತೀರ ಕಡಿಮೆ ಸ್ಪಂದಿಸುವುದನ್ನು ಆಟಿಸಂನ ಲಕ್ಷಣಗಳ ಪಟ್ಟಿಗೆ ಅದು ಸೇರಿಸಿತ್ತು. ಲಕ್ಷಣಗಳು ಬಾಲ್ಯದಿಂದ ಇರಬೇಕು, ಆದರೆ ಸಾಮಾಜಿಕ ಬೇಡಿಕೆಗಳು ವ್ಯಕ್ತಿಯ ಶಕ್ತಿಯನ್ನು ಮೀರುವವರೆಗೆ ಅವು ಪೂರ್ತಿ ಕಾಣದೇ ಇರಬಹುದು, ಕಲಿತ ತಂತ್ರಗಳಿಂದ ಮರೆಯಾಗಿರಬಹುದು ಎಂದೂ ಅದು ಸ್ಪಷ್ಟವಾಗಿ ಹೇಳುತ್ತದೆ. ನಿಯಮಗಳ ನೋಟ್‌ಪುಸ್ತಕ ಅಂಥ ಕಲಿತ ತಂತ್ರದ ಲಿಖಿತ ಸಾಕ್ಷಿಯಾಗಿತ್ತು. ಬಾಲ್ಯದ ಪುರಾವೆ ಮಾತ್ರ ಇನ್ನೂ ತೆಳುವಾಗಿತ್ತು, ಏಕೆಂದರೆ ಅಮ್ಮ ಪ್ರತಿಯೊಂದಕ್ಕೂ "ಎಲ್ಲ ಮಕ್ಕಳೂ ಹಾಗೇ ಅಲ್ವಾ ಮೇಡಂ" ಎನ್ನುತ್ತಿದ್ದರು. ಮಗಳನ್ನು ಕಾಪಾಡುವ ಆಸೆಯಿಂದ ಬಂದ ಮಾತು ಅದು.

ತಿರುವು ಬಂದದ್ದು ಅಜ್ಜಿಯಿಂದ. ಮೊಮ್ಮಗಳನ್ನು ಬೆಳೆಸಿದವರು ಹೆಚ್ಚಾಗಿ ಅವರೇ. ಅವರನ್ನು ಪ್ರತ್ಯೇಕವಾಗಿ ಕೂರಿಸಿ ಮಾತಾಡಿಸಿದಾಗ, ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಮೂರು ವರ್ಷದ ಮೇದಿನಿ ಗಾತ್ರದ ಪ್ರಕಾರ ಸಾಲಾಗಿ ಜೋಡಿಸುತ್ತಿದ್ದ ಸಂಗತಿ ಹೇಳಿದರು. ಬೆಳಗಿನಿಂದ ಬಿಸಿಲು ಏರುವವರೆಗೂ ಅದೇ ಕೆಲಸ. ಆಳುಗಳು ಅಡಿಕೆ ತಿರುವಲು ಬಂದು ಸಾಲು ಕೆಡಿಸಿದರೆ ಉಸಿರು ಕಟ್ಟುವಷ್ಟು ಅಳು. ಕೊನೆಗೆ ಅವಳಿಗೆಂದೇ ಒಂದು ಮೂಲೆಯನ್ನು ಮುಟ್ಟದೆ ಬಿಡುತ್ತಿದ್ದರಂತೆ. ಹಸಿ ಹುಲ್ಲಿನ ಮೇಲೆ ಕಾಲಿಡುತ್ತಿರಲಿಲ್ಲ, ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿರಲಿಲ್ಲ, ಬೇರೆ ಮಕ್ಕಳು ಅಡುಗೆಯಾಟ ಆಡುವಾಗ ಆಟದ ಪಾತ್ರೆಗಳನ್ನು ಸುತ್ತಿಸುತ್ತ ಕುಳಿತಿರುತ್ತಿದ್ದಳು. ಕೊನೆಗೆ ಅಜ್ಜಿ ಹೇಳಿದರು: "ಇವಳ ಅಜ್ಜನೂ ಹೀಂಗೇ ಇದ್ದಿದ್ದು. ಯಾರ ಮನೆಗೂ ಹೋಗ್ತಿರ್ಲಿಲ್ಲ, ಮರದ ಲೆಕ್ಕ ಮಾತ್ರ ಒಂದೂ ತಪ್ತಿರ್ಲಿಲ್ಲ. ಅವರಿಗೆ ಯಾರೂ ಹುಷಾರಿಲ್ಲ ಅಂದಿಲ್ಲ."

ಆ ಕೊನೆಯ ವಾಕ್ಯವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಅಜ್ಜನಿಗೆ ತೋಟವಿತ್ತು, ತನ್ನದೇ ವೇಳಾಪಟ್ಟಿಯಿತ್ತು, ಮಾತಾಡುವ ಹೊಣೆಯನ್ನೆಲ್ಲ ಹೆಂಡತಿ ಹೊತ್ತಿದ್ದರು. ಹೆಸರಿಲ್ಲದೆಯೂ ಬದುಕು ನಡೆದದ್ದು ಈ ಅನುಕೂಲಗಳಿಂದ. ಹಾಸ್ಟೆಲ್, ಬಸ್‌ಸ್ಟ್ಯಾಂಡ್, ಮೌಖಿಕ ಪರೀಕ್ಷೆ, ಗುಂಪು ಪ್ರಾಜೆಕ್ಟುಗಳ ನಡುವೆ ಬೆಳೆಯುವ, ಅದರಲ್ಲೂ ಎಲ್ಲರನ್ನೂ ಮಾತಾಡಿಸಬೇಕು ಎಂದು ನಿರೀಕ್ಷಿಸಲಾಗುವ ಹೆಣ್ಣುಮಗಳಿಗೆ ಅವು ಯಾವುವೂ ಇರಲಿಲ್ಲ.

ಹೇಳುವುದೋ ಬೇಡವೋ

ಆಟಿಸಂ ಎಂಬ ತೀರ್ಮಾನಕ್ಕೆ ಬಂದ ಮೇಲೆ ಅದನ್ನು ಯಾರಿಗೆ, ಹೇಗೆ ಹೇಳಬೇಕು ಎಂಬುದು ತಪಾಸಣೆಗಿಂತ ಕಷ್ಟದ ಪ್ರಶ್ನೆಯಾಯಿತು. ಅಪ್ಪ ನೇರವಾಗಿ ಕೇಳಿಕೊಂಡರು: ಮಗಳಿಗೆ ಹೇಳುವುದು ಬೇಡ, ಕಾಗದದಲ್ಲಿ ಬರೆಯುವುದೂ ಬೇಡ, ನಾಳೆ ಮದುವೆ ಮಾಡಬೇಕು. ಆದರೆ ಮೇದಿನಿ ವಯಸ್ಕಳು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಆಕೆಯ ಆರೋಗ್ಯದ ಮಾಹಿತಿಯ ಗೋಪ್ಯತೆಯನ್ನು ಆಕೆಯ ಹಕ್ಕಾಗಿಸಿದೆ. ಆ ಮಾಹಿತಿ ಮೊದಲು ಸೇರಬೇಕಾದದ್ದು ಅವಳಿಗೆ, ಬೇರೆಯವರಿಗೆ ತಲುಪಬೇಕೇ ಎಂಬುದನ್ನು ನಿರ್ಧರಿಸಬೇಕಾದವಳೂ ಅವಳೇ. ಅಪ್ಪನಿಗೆ ಇದನ್ನು ವಿವರಿಸಿದೆವು. ಒಪ್ಪಿದರು, ಸಮಾಧಾನವಾಗಲಿಲ್ಲ.

ಅಮ್ಮನ ಪ್ರಶ್ನೆ ಬೇರೆಯಾಗಿತ್ತು. "ನಾನು ಸರಿಯಾಗಿ ಎತ್ತಾಡಿಸಲಿಲ್ಲ ಅಂತ ಹೀಗಾಯ್ತಾ ಮೇಡಂ?" ಈ ಅಪರಾಧ ಪ್ರಜ್ಞೆಯನ್ನು ತಾಯಂದಿರ ತಲೆಗೆ ಕಟ್ಟಿದ್ದರಲ್ಲಿ ವೈದ್ಯಶಾಸ್ತ್ರದ ಪಾಲೂ ಇದೆ. 1943ರಲ್ಲಿ ಹನ್ನೊಂದು ಮಕ್ಕಳ ವಿವರಣೆಯೊಂದಿಗೆ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ ಆಟಿಸಂ ಕುರಿತ ಲೇಖನ ಪ್ರಕಟಿಸಿದ ನಂತರದ ಎರಡು ದಶಕಗಳಲ್ಲಿ ತಾಯಿಯ ತಣ್ಣನೆಯ ಮನಸ್ಸೇ ಇದಕ್ಕೆ ಕಾರಣ ಎಂಬ ವಾದ ಬಲವಾಗಿ ಹಬ್ಬಿತ್ತು. 1964ರಲ್ಲಿ ಮನೋವಿಜ್ಞಾನಿ ಬರ್ನಾರ್ಡ್ ರಿಮ್ಲಂಡ್ ಅದನ್ನು ವಿವರವಾಗಿ ಅಲ್ಲಗಳೆದರು. 1977ರಲ್ಲಿ ಸಂಶೋಧಕರಾದ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟರ್ ಅವಳಿ ಮಕ್ಕಳ ಅಧ್ಯಯನದಿಂದ ಅನುವಂಶಿಕತೆಯ ಪಾತ್ರವನ್ನು ತೋರಿಸಿಕೊಟ್ಟರು. ಅಷ್ಟು ಹಿಂದೆಯೇ ಸತ್ತುಹೋದ ವಾದವೊಂದು ಮಲೆನಾಡಿನ ಅಡುಗೆಮನೆಯಲ್ಲಿ ಇಂದಿಗೂ ತಾಯಿಯೊಬ್ಬಳ ನಿದ್ದೆ ಕೆಡಿಸುತ್ತಿದೆ ಎಂಬುದು ನನಗೆ ನೋವಿನ ಸಂಗತಿ. ಆಕೆಗೆ ಮಾವನವರ ಉದಾಹರಣೆಯನ್ನೇ ಕೊಟ್ಟು ಮಾತಾಡಿದ್ದು ಹೆಚ್ಚು ಫಲ ಕೊಟ್ಟಿತು.

ಮೇದಿನಿಗೆ ನಾವು ಮೊದಲು ಹೆಸರು ಹೇಳಲಿಲ್ಲ. ಆಕೆಯೇ ಕೊಟ್ಟ ವಿವರಗಳನ್ನು ಒಂದರ ಪಕ್ಕ ಒಂದು ಇಟ್ಟು, ಇವೆಲ್ಲ ಒಟ್ಟಿಗೆ ಬರುವುದುಂಟು, ಇದು ಹುಟ್ಟಿನಿಂದ ಬಂದ ಮಿದುಳಿನ ಬೆಳವಣಿಗೆಯ ರೀತಿ ಎಂದು ತಿಳಿಸಿ, ಅನಂತರ ಆಟಿಸಂ ಎಂದೆವು. ಆಕೆ ಅಳಲಿಲ್ಲ, ಆಶ್ಚರ್ಯಪಡಲಿಲ್ಲ. ಲಕ್ಷಣಗಳ ಪಟ್ಟಿ ಬೇಕು ಎಂದಳು. ಕೊಟ್ಟೆವು. ಮುಂದಿನ ಭೇಟಿಗೆ ಅದರ ಪ್ರತಿ ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ಸರಿ ಅಥವಾ ತಪ್ಪು ಗುರುತು ಹಾಕಿ ತಂದಿದ್ದಳು. ಸಂಬಂಧಗಳನ್ನು ಬೆಳೆಸಿಕೊಳ್ಳುವುದರಲ್ಲಿನ ಕೊರತೆ ಎಂಬ ಸಾಲಿನ ಪಕ್ಕ ಬರೆದಿದ್ದಳು: "ಸ್ನೇಹ ಬೇಡ ಎಂದಲ್ಲ. ಸ್ನೇಹ ಮಾಡುವಾಗ ಏನು ನಡೆಯುತ್ತಿದೆ ಎಂದು ಯಾರೂ ಹೇಳುವುದಿಲ್ಲ." ಬದಲಾವಣೆಗೆ ಒಗ್ಗದಿರುವುದು ಎಂಬಲ್ಲಿ: "ಮೊದಲೇ ತಿಳಿಸಿದರೆ ಒಗ್ಗುತ್ತೇನೆ." ಮುಂದಿನ ನಮ್ಮ ಯೋಜನೆಯೆಲ್ಲ ಈ ಪೆನ್ಸಿಲ್ ಟಿಪ್ಪಣಿಗಳಿಂದಲೇ ಹುಟ್ಟಿತು.

ಹೆಸರು ತಿಳಿದ ಮೇಲಿನ ತಿಂಗಳುಗಳು

ಮೊದಲ ಪರಿಣಾಮ ಕುಟುಂಬಕ್ಕೆ ಗಾಬರಿ ಹುಟ್ಟಿಸಿತು. ಮೇದಿನಿ ನಗುವುದನ್ನು ಬಿಟ್ಟಳು. ನೆಂಟರು ಬಂದರೆ ಕೋಣೆಯಿಂದ ಹೊರಗೆ ಬರಲಿಲ್ಲ, ಊಟಕ್ಕೆ ಕುಳಿತಾಗ ಮಾತಾಡಲಿಲ್ಲ, ಕೈಬೆರಳುಗಳನ್ನು ತಿರುಚುತ್ತ ಕೂರುವುದು ಹೆಚ್ಚಾಯಿತು. ಚೆನ್ನಾಗಿದ್ದ ಹುಡುಗಿಗೆ ನೀವು ಹೆಸರಿಟ್ಟು ಹೀಗೆ ಮಾಡಿದಿರಿ ಎಂದು ಅಪ್ಪ ಫೋನಿನಲ್ಲಿ ಸಿಟ್ಟಿನಿಂದ ಹೇಳಿದರು. ಅವರ ಸಿಟ್ಟಿಗೆ ಕಾರಣವಿತ್ತು, ಮತ್ತು ಹಣೆಪಟ್ಟಿಯ ವಿರುದ್ಧ ಮಾತಾಡುವವರು ಎತ್ತಿ ತೋರಿಸುವುದೂ ಇಂಥ ಘಟ್ಟವನ್ನೇ. ಮೇದಿನಿಯನ್ನೇ ಕೇಳಿದಾಗ ಸಿಕ್ಕ ಉತ್ತರ ಬೇರೆಯಿತ್ತು: ಒಂಬತ್ತು ವರ್ಷದಿಂದ ಎಚ್ಚರವಿದ್ದಷ್ಟು ಹೊತ್ತೂ ನೋಟ್‌ಪುಸ್ತಕದ ನಿಯಮಗಳನ್ನು ಪಾಲಿಸುತ್ತಿದ್ದೆ, ಅದನ್ನು ನಿಲ್ಲಿಸಬಹುದು ಎಂದು ಈಗ ಗೊತ್ತಾಗಿದೆ, ಸ್ವಲ್ಪ ದಿನ ಸುಮ್ಮನಿರಲು ಬಿಡಿ. ಬಿಟ್ಟೆವು. ಮನೆಯವರಿಗೂ ಬಿಡಲು ಹೇಳಿದೆವು. ಕ್ರಮೇಣ ಆಕೆ ಮಾತಿಗೆ ಮರಳಿದಳು. ಮೊದಲಿಗಿಂತ ಕಡಿಮೆ ಮಾತು, ಆದರೆ ಅವಳದೇ ಮಾತು.

ಈ ನಡುವೆ ಮನೋವೈದ್ಯರು ಕಡತವನ್ನು ಮರುಪರಿಶೀಲಿಸಿದರು. ಬಾರ್ಡರ್‌ಲೈನ್ ಎಂಬ ಹೆಸರನ್ನು ತೆಗೆದುಹಾಕಲಾಯಿತು; ಅದಕ್ಕೆಂದು ಕೊಡುತ್ತಿದ್ದ, ನಿದ್ದೆ ತರಿಸುವ ಒಂದು ಔಷಧವನ್ನು ಹಂತಹಂತವಾಗಿ ಕಡಿಮೆ ಮಾಡಿ ನಿಲ್ಲಿಸಲಾಯಿತು. ಆತಂಕದ ಔಷಧವನ್ನು ಮುಂದುವರಿಸಿದರು, ಏಕೆಂದರೆ ಆತಂಕ ಆಟಿಸಂನ ಜೊತೆಗೇ ಬಂದಿದ್ದ ನಿಜವಾದ ತೊಂದರೆಯಾಗಿತ್ತು. ಸರಿಯಾದ ಹೆಸರು ಬಂದ ಮೇಲೆ ಹಳೆಯದೆಲ್ಲವೂ ಸುಳ್ಳು ಎಂದುಕೊಂಡು ಔಷಧಗಳನ್ನು ಒಮ್ಮೆಲೇ ಎಸೆಯುವ ಕುಟುಂಬಗಳನ್ನು ನೋಡಿದ್ದೇನೆ. ಅದು ಅಪಾಯದ ಕೆಲಸ.

ಪ್ರಮಾಣಪತ್ರದ ಘಟ್ಟ

ಕಾಲೇಜಿನಲ್ಲಿ ಅನುಕೂಲ ಬೇಕಿದ್ದರೆ ಅಂಗವೈಕಲ್ಯ ಪ್ರಮಾಣಪತ್ರ ಬೇಕು ಎಂದುಕೊಂಡು ಮೇದಿನಿಯೇ ಅರ್ಜಿ ಹಾಕಿದಳು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಸೇರಿಸಿಕೊಂಡಿತು, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಅದೂ ಒಂದು. ಪ್ರಮಾಣಪತ್ರಕ್ಕೆ ಅಳತೆಗೋಲು ಬೌದ್ಧಿಕ ಅಂಗವೈಕಲ್ಯಕ್ಕೆಂದು ಸಿಕಂದರಾಬಾದಿನಲ್ಲಿರುವ ರಾಷ್ಟ್ರೀಯ ಸಂಸ್ಥೆ ರೂಪಿಸಿದ ಐಎಸ್‌ಎಎ ಎಂಬ ಮಾಪಕ. ಅದರಲ್ಲಿ 40 ಅಂಶಗಳಿವೆ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲವೆಂದೇ ಲೆಕ್ಕ. ಮೇದಿನಿಗೆ ಬಂದದ್ದು 66.

ಈ ಮಾಪಕ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮಾತು ಕಡಿಮೆ ಇರುವ, ಕೇಳಿದ ಮಾತನ್ನೇ ಮರಳಿ ಹೇಳುವ, ಕೈ ಬೀಸುವ, ಅಪಾಯದ ಅರಿವಿಲ್ಲದ ಮಗುವಿಗೆ ಸರ್ಕಾರದ ನೆರವು ಸಿಗುವಂತೆ ಮಾಡುವಲ್ಲಿ ಅದರ ಉಪಕಾರ ದೊಡ್ಡದು. ಆದರೆ ಅದು ಹೆಚ್ಚಾಗಿ ಹೊರಗೆ ಕಾಣುವುದನ್ನು ಅಳೆಯುತ್ತದೆ, ಮತ್ತು ಕಾಣದಂತೆ ಮಾಡುವುದನ್ನೇ ಮೇದಿನಿ ಹನ್ನೊಂದನೇ ವಯಸ್ಸಿನಿಂದ ಕಲಿತಿದ್ದಳು. ಪ್ರಮಾಣಪತ್ರ ಕೊಡುವ ವೈದ್ಯಕೀಯ ಮಂಡಳಿಯ ಮುಂದೆ ಆಕೆ ಸಹಪಾಠಿಯ ನಗುವನ್ನೇ ನಕ್ಕು, ಕೇಳಿದ್ದಕ್ಕೆಲ್ಲ ಕಣ್ಣು ನೋಡಿ ಉತ್ತರಿಸಿ ಬಂದಿದ್ದಳು. ಹೊಸಬರೆದುರು ಅಭ್ಯಾಸಬಲದಿಂದ ಹಾಗಾಗುತ್ತದೆ ಎಂದು ಅನಂತರ ಹೇಳಿದಳು. ಹೀಗೆ ಚಿಕಿತ್ಸೆಯ ಕಡತದಲ್ಲಿ ಆಟಿಸಂ ಇದೆ, ಸರ್ಕಾರಿ ಕಾಗದದಲ್ಲಿ ಇಲ್ಲ ಎಂಬ ಸ್ಥಿತಿ ಉಂಟಾಯಿತು. ಇಷ್ಟಕ್ಕೇ ಎಲ್ಲವೂ ಮುಗಿಯಿತು ಎಂದು ಅಪ್ಪ ಹಗುರಾದರು. ಮೇದಿನಿ ಮಾತ್ರ ಕುಸಿದಳು. ತನ್ನನ್ನು ಮತ್ತೊಮ್ಮೆ ಸುಳ್ಳುಗಾತಿ ಎಂದು ಹೇಳಿದಂತಾಯಿತು ಎಂಬುದು ಆಕೆಯ ಮಾತು.

ಇಲ್ಲಿ ಕಾನೂನನ್ನು ಸರಿಯಾಗಿ ಓದಿದ್ದು ಪ್ರಯೋಜನಕ್ಕೆ ಬಂತು. ಅಂಗವೈಕಲ್ಯ ಕನಿಷ್ಠ ಶೇ 40ರಷ್ಟು ಇರಬೇಕು ಎಂಬ ಮಿತಿ ಮೀಸಲಾತಿಯಂಥ ಸೌಲಭ್ಯಗಳಿಗೆ ಸಂಬಂಧಿಸಿದ್ದು. 2016ರ ಕಾಯ್ದೆಯ 2ನೇ ಕಲಮಿನಲ್ಲಿ ಅಂಗವಿಕಲ ವ್ಯಕ್ತಿ ಎಂಬುದರ ವ್ಯಾಖ್ಯೆಗೆ ಪ್ರಮಾಣದ ಮಿತಿಯೇ ಇಲ್ಲ. ಸಮಂಜಸವಾದ ಹೊಂದಾಣಿಕೆಯ, ಅಂದರೆ ವ್ಯಕ್ತಿಯ ಅಗತ್ಯಕ್ಕೆ ತಕ್ಕ ಅನುಕೂಲ ಪಡೆಯುವ, ಹಕ್ಕು ಆ ವಿಶಾಲ ವ್ಯಾಖ್ಯೆಗೆ ಸೇರಿದ್ದು. 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ವಿರುದ್ಧ ಕೇಂದ್ರ ಲೋಕಸೇವಾ ಆಯೋಗ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಬರೆಯುವಾಗ ಕೈ ಸೆಳೆತ ಬರುವ ಅಭ್ಯರ್ಥಿಗೆ ಪ್ರಮಾಣದ ಮಿತಿ ತಲುಪಿಲ್ಲವೆಂಬ ಕಾರಣಕ್ಕೆ ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವವರ ನೆರವನ್ನು ನಿರಾಕರಿಸುವಂತಿಲ್ಲ ಎಂದು ಹೇಳಿತು. ಮೇದಿನಿಯ ಪ್ರಕರಣದಲ್ಲಿ ದಾರಿ ತೆರೆದುಕೊಂಡದ್ದು ಈ ಅಂಶದ ಮೇಲೆ.

ಪ್ರಾಂಶುಪಾಲರಿಗೆ ಬರೆದ ಪತ್ರವನ್ನು ಮೇದಿನಿಯ ಜೊತೆ ಕುಳಿತು ಸಿದ್ಧಪಡಿಸಿದೆವು. ಆಟಿಸಂ ಎಂಬ ಪದ ಅದರಲ್ಲಿ ಒಂದೇ ಸಲ ಬರುತ್ತದೆ. ಉಳಿದದ್ದೆಲ್ಲ ಏನು ಬೇಕು ಎಂಬುದರ ವಿವರ. ಮೌಖಿಕದ ಪ್ರಶ್ನೆಗಳನ್ನು ಒಂದೊಂದಾಗಿ ಬರೆದು ಕೊಡುವುದು, ಪ್ರಯೋಗಾಲಯದ ಜೊತೆಗಾರ್ತಿಯನ್ನು ಇಡೀ ಸೆಮಿಸ್ಟರಿಗೆ ಬದಲಿಸದಿರುವುದು, ವೇಳಾಪಟ್ಟಿಯ ಬದಲಾವಣೆಯನ್ನು ಹಿಂದಿನ ದಿನವೇ ತಿಳಿಸುವುದು, ಪರೀಕ್ಷೆಗೆ ಪ್ರತ್ಯೇಕ ಕೊಠಡಿ. ಪ್ರಮಾಣಪತ್ರ ಎಲ್ಲಿ ಎಂಬ ಪ್ರಶ್ನೆ ನಿರೀಕ್ಷಿಸಿದಂತೆಯೇ ಬಂತು. ಕಾಯ್ದೆಯ ಕಲಮನ್ನೂ ತೀರ್ಪನ್ನೂ ಮುಂದಿಟ್ಟಾಗ ಮೊದಲ ಮೂರಕ್ಕೆ ಒಪ್ಪಿಗೆ ಸಿಕ್ಕಿತು. ಪ್ರತ್ಯೇಕ ಕೊಠಡಿ ವಿಶ್ವವಿದ್ಯಾಲಯದ ನಿಯಮಕ್ಕೆ ಬರುತ್ತದೆ ಎಂದು ಕಾಲೇಜು ಕೈಚೆಲ್ಲಿತು, ವಿಶ್ವವಿದ್ಯಾಲಯ ಪ್ರಮಾಣಪತ್ರವಿಲ್ಲದೆ ಆಗದು ಎಂದಿತು. ವಿಭಾಗದ ಮುಖ್ಯಸ್ಥೆ ಹೊರಗಿನ ಪರೀಕ್ಷಕರಿಗೆ ಮುಂಚಿತವಾಗಿ ಪತ್ರ ಬರೆದು ವಿಷಯ ತಿಳಿಸಿದರು. ಮೇದಿನಿ ಬಿಳಿಹಾಳೆಯಲ್ಲಿ ಬರೆದುಕೊಟ್ಟ ಪ್ರಶ್ನೆಗಳನ್ನು ಓದಿ, ಹಾಳೆಯನ್ನೇ ನೋಡುತ್ತ, ಬಾಯಿಮಾತಿನಲ್ಲಿಯೇ ಉತ್ತರಿಸಿದಳು. ಉತ್ತೀರ್ಣಳಾದಳು.

ಸೌಮ್ಯವಾದ ಹೆಸರಿನ ಹುಡುಕಾಟ

ಅಮೆರಿಕದಲ್ಲಿರುವ ಚಿಕ್ಕಪ್ಪ ಈ ಹೊತ್ತಿನಲ್ಲಿ ಒಂದು ಸಲಹೆ ಕೊಟ್ಟರು: ಆಟಿಸಂ ಎನ್ನಬೇಡಿ, ಆಸ್ಪರ್ಜರ್ ಎನ್ನಿ, ಅದು ಬುದ್ಧಿವಂತರಿಗೆ ಬರುವುದು. ಕುಟುಂಬಕ್ಕೆ ಇದು ಬಹಳ ಹಿಡಿಸಿತು. ಮಾತು, ಬುದ್ಧಿಗಳಲ್ಲಿ ಹಿಂದುಳಿಯದವರ ಆಟಿಸಂಗೆ ಬ್ರಿಟನ್ನಿನ ಮನೋವೈದ್ಯೆ ಲೋರ್ನಾ ವಿಂಗ್ 1981ರಲ್ಲಿ ಬಳಕೆಗೆ ತಂದ ಆ ಹೆಸರು 1994ರ ಡಿಎಸ್‌ಎಂ-4ರಲ್ಲಿ ಪ್ರತ್ಯೇಕ ಸ್ಥಾನ ಪಡೆದಿತ್ತು. 2013ರಲ್ಲಿ ಅದನ್ನು ಆಟಿಸಂನೊಳಗೆ ಸೇರಿಸಲಾಯಿತು, 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 ಕೂಡ ಅದೇ ದಾರಿ ಹಿಡಿಯಿತು. ವಿಯೆನ್ನಾದ ವೈದ್ಯ ಹಾನ್ಸ್ ಆಸ್ಪರ್ಜರ್ ನಾತ್ಸಿ ಆಡಳಿತದ ಮಕ್ಕಳ ಹತ್ಯಾ ವ್ಯವಸ್ಥೆಗೆ ಸಹಕರಿಸಿದ್ದರೆಂದು ಇತಿಹಾಸಕಾರ ಹೆರ್ವಿಗ್ ಚೆಕ್ 2018ರಲ್ಲಿ ದಾಖಲೆಗಳೊಂದಿಗೆ ತೋರಿಸಿದ ಮೇಲೆ ಆ ಹೆಸರನ್ನು ಬಿಟ್ಟವರೂ ಅನೇಕರು. ಕುಟುಂಬಕ್ಕೆ ಆ ಹೆಸರು ಇಷ್ಟವಾದದ್ದು ತಮ್ಮ ಮಗಳನ್ನೂ ಮಾತಾಡದ ಮಕ್ಕಳನ್ನೂ ಬೇರ್ಪಡಿಸುವ ಬೇಲಿಯಾಗಿ. ಮೇದಿನಿ ಅದನ್ನು ಒಪ್ಪಲಿಲ್ಲ. ಅಂಗಳದಲ್ಲಿ ಅಡಿಕೆ ಜೋಡಿಸುತ್ತಿದ್ದವಳು ನಾನೇ, ಆ ಮಕ್ಕಳಿಂದ ನನ್ನನ್ನು ಏಕೆ ದೂರ ಮಾಡುತ್ತೀರಿ ಎಂದು ಕೇಳಿದಳು.

ಆದರೂ ಬೇರೆ ಬೇರೆ ಹೆಸರು ಬೇಕು ಎನ್ನುವವರ ಮಾತಿನಲ್ಲಿ ತಿರುಳಿದೆ. ದಿನದ 24 ಗಂಟೆಯೂ ಒಬ್ಬರ ಆರೈಕೆ ಬೇಕಾದ ಯುವಕನ ತಾಯಿ, ಮೇದಿನಿಗೂ ತನ್ನ ಮಗನಿಗೂ ಒಂದೇ ಹೆಸರಾದರೆ ತನ್ನ ಮಗನ ಅಗತ್ಯ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಹೇಳಿದರೆ ಅದು ನ್ಯಾಯವಾದ ದೂರು. ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2021ರಲ್ಲಿ ಅಂಥವರಿಗಾಗಿ ತೀವ್ರತರ ಆಟಿಸಂ ಎಂಬ ಅರ್ಥದ ಪ್ರತ್ಯೇಕ ಪದವನ್ನು ಸೂಚಿಸಿದ್ದು ಇದೇ ಕಾರಣಕ್ಕೆ. ನನ್ನ ಅಭಿಪ್ರಾಯದಲ್ಲಿ ಹೆಸರು ಒಂದೇ ಇದ್ದು, ಅದರ ಕೆಳಗೆ ಬರೆಯುವ ಅಗತ್ಯಗಳ ವಿವರ ಪ್ರತಿಯೊಬ್ಬರಿಗೂ ಬೇರೆ ಇರಬೇಕು. ಆ ವಿವರವಿಲ್ಲದೆ ಬರೀ ಆಟಿಸಂ ಎಂದು ಬರೆದು ಕಳಿಸುವ ಚೀಟಿಯಿಂದ ಶಾಲೆಗಾಗಲೀ ಮನೆಗಾಗಲೀ ಸಿಗುವುದು ಬಹಳ ಕಡಿಮೆ.

ಹೆಸರು ಮರೆಮಾಚಿದ ಇನ್ನೊಂದು ತೊಂದರೆ

ಮೂರನೇ ವರ್ಷದ ಆರಂಭದಲ್ಲಿ ಮೇದಿನಿ ವಿಪರೀತ ದಣಿಯತೊಡಗಿದಳು. ಮೆಟ್ಟಿಲು ಹತ್ತಿದರೆ ಏದುಸಿರು. ಅಷ್ಟರಲ್ಲಿ ಮನೆಯವರೂ ಆಟಿಸಂ ಬಗ್ಗೆ ಓದಿಕೊಂಡಿದ್ದರು; ಇದು ನಟಿಸಿ ನಟಿಸಿ ಬಂದ ದಣಿವು, ವಿಶ್ರಾಂತಿ ಸಾಕು ಎಂದು ತಾವೇ ತೀರ್ಮಾನಿಸಿದರು. ಕೆನ್ನೆಯ ಬಿಳಿಚು ಗಮನಿಸಿ ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 7.8 ಮಾತ್ರ ಇತ್ತು, ಅಂದರೆ ರಕ್ತಹೀನತೆ. ಆಯ್ದ ಕೆಲವೇ ಬಗೆಯ ಊಟ ಮತ್ತು ಯಾರಿಗೂ ಹೇಳದೆ ಸಹಿಸಿಕೊಂಡಿದ್ದ ಮುಟ್ಟಿನ ಅತಿಸ್ರಾವ ಎರಡೂ ಸೇರಿ ಆದದ್ದು ಅದು. ಸ್ತ್ರೀರೋಗ ತಜ್ಞರ ಚಿಕಿತ್ಸೆ, ಕಬ್ಬಿಣಾಂಶದ ಮಾತ್ರೆಗಳಿಂದ ದಣಿವು ಇಳಿಯಿತು. ನೋವು, ಸ್ರಾವ, ಹಸಿವುಗಳನ್ನು ತಾವಾಗಿ ಹೇಳಿಕೊಳ್ಳದ ವ್ಯಕ್ತಿಗಳಲ್ಲಿ ಹೊಸ ಲಕ್ಷಣ ಕಂಡಾಗಲೆಲ್ಲ ಆಟಿಸಂ ಇಲ್ಲದವರಿಗೆ ಮಾಡುವ ತಪಾಸಣೆಯನ್ನೇ ಮೊದಲು ಮಾಡಬೇಕೆಂಬ ನಿಯಮವನ್ನು ನಮ್ಮ ಕೇಂದ್ರದಲ್ಲಿ ಆಮೇಲೆ ಬರೆದಿಟ್ಟೆವು. ಹಳೆಯ ಐದು ಹೆಸರುಗಳು ಮಾಡಿದ್ದನ್ನೇ ಸರಿಯಾದ ಹೆಸರೂ ಮಾಡಬಲ್ಲದು, ಅದರಾಚೆ ನೋಡುವುದನ್ನು ನಿಲ್ಲಿಸಿದರೆ.

ಈಗಿನ ಸ್ಥಿತಿ

ಮೇದಿನಿ ಪದವಿಯ ಕೊನೆಯ ಸೆಮಿಸ್ಟರಿನಲ್ಲಿದ್ದಾಳೆ. ಹಾಸ್ಟೆಲ್ ಬಿಟ್ಟು ಸಣ್ಣ ಕೋಣೆಯೊಂದರಲ್ಲಿ ಇನ್ನೊಬ್ಬ ವಿದ್ಯಾರ್ಥಿನಿಯ ಜೊತೆ ಇದ್ದಾಳೆ. ಆ ಗೆಳತಿಗೆ ವಿಷಯ ಗೊತ್ತು. ಮೇದಿನಿ ಎರಡು ಹಾಳೆಗಳನ್ನು ಸಿದ್ಧಪಡಿಸಿ ಇಟ್ಟುಕೊಂಡಿದ್ದಾಳೆ. ಒಂದರಲ್ಲಿ ತನಗೆ ಏನು ಅನುಕೂಲ, ಏನು ಕಷ್ಟ ಎಂಬುದಷ್ಟೇ ಇದೆ, ಕಾರಣವಿಲ್ಲ. ಅದನ್ನು ಯಾರಿಗೆ ಬೇಕಾದರೂ ಕೊಡುತ್ತಾಳೆ. ಕಾರಣವಿರುವ ಎರಡನೇ ಹಾಳೆಯನ್ನು ಯಾರಿಗೆ ತೋರಿಸಬೇಕೆಂದು ಆಯಾ ಸಂದರ್ಭದಲ್ಲಿ ತಾನೇ ತೀರ್ಮಾನಿಸುತ್ತಾಳೆ. ಇದುವರೆಗೆ ತಮ್ಮ, ಗೆಳತಿ, ವಿಭಾಗದ ಮುಖ್ಯಸ್ಥೆ ಮತ್ತು ದಂತವೈದ್ಯರು ಅದನ್ನು ಓದಿದ್ದಾರೆ.

ಮದುವೆಯ ಮಾತು ಎರಡು ಸಲ ಬಂದಿದೆ. ಮುಚ್ಚಿಡಬೇಕು ಎಂಬ ನಿಲುವಿನಿಂದ ಅಪ್ಪ ಪೂರ್ತಿ ಹಿಂದೆ ಸರಿದಿಲ್ಲ. ಜಾತಕ ನೋಡುವ ಹಂತದಲ್ಲಿ ಹೇಳಬೇಕಿಲ್ಲ, ಆದರೆ ಹುಡುಗನ ಜೊತೆ ಮಾತುಕತೆಯಾದ ಮೇಲೆ ತಾನೇ ಹೇಳುತ್ತೇನೆ ಎಂದು ಮೇದಿನಿ ಷರತ್ತು ಹಾಕಿದ್ದಾಳೆ, ಅಮ್ಮ ಆಕೆಯ ಪಕ್ಷದಲ್ಲಿದ್ದಾರೆ. ಪ್ರಮಾಣಪತ್ರ ನಿರಾಕರಣೆಯ ವಿರುದ್ಧ 2016ರ ಕಾಯ್ದೆಯ 59ನೇ ಕಲಮಿನಡಿ ಮೇಲ್ಮನವಿಗೆ ಅವಕಾಶವಿದೆ. ಸರ್ಕಾರಿ ಉದ್ಯೋಗಗಳಲ್ಲಿ ಆಟಿಸಂ, ಬೌದ್ಧಿಕ ಅಂಗವೈಕಲ್ಯ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಮತ್ತು ಬಹು ಅಂಗವೈಕಲ್ಯ ಇರುವವರೆಲ್ಲರಿಗೂ ಸೇರಿ ಇರುವ ಶೇ 1ರ ಮೀಸಲಾತಿಗೆ ಆ ಪತ್ರವೇ ಬೇಕಾಗುತ್ತದೆ. ಮೇಲ್ಮನವಿ ಹಾಕಿದರೆ ಈ ಸಲ ನೋಟ್‌ಪುಸ್ತಕವನ್ನೂ ಅಜ್ಜಿಯ ಹೇಳಿಕೆಯನ್ನೂ ಜೊತೆಗೆ ಒಯ್ಯುತ್ತೇನೆ ಎಂದಿದ್ದಾಳೆ. ಹಾಕಬೇಕೇ ಎಂಬುದನ್ನು ಪರೀಕ್ಷೆ ಮುಗಿದ ಮೇಲೆ ನಿರ್ಧರಿಸಲಿದ್ದಾಳೆ.